ಬಿಸಿಲು ಬಡಿದವನ ಮೇಲಿನ ಕಂಬಳಿ

ಅನಂತಪುರ ದಾಟಿ ಕನ್ನಡ ಸೀಮೆ ಹೊಕ್ಕ ಮೇಲೆ ನಡುಮಧ್ಯಾಹ್ನದ ಬಿಸಿಲಲ್ಲಿ ನಮ್ಮ ಬಸ್ಸು ಪಂಕ್ಚರ್ ಆಯಿತು. ಇಳಿದು ಬೇವಿನ ಮರದ ಕಡೆ ಹೋದರೆ ಅಲ್ಲೊಬ್ಬ ಕುರಿಗಾರ ಮಲಗಿ ಏನೇನೋ ತೊದಲುತ್ತಿದ್ದ. ಅವನ ಹೆಂಡತಿ ಕತ್ತಿನ ತನಕ ಕರಿಕಂಬಳಿ ಹೊದಿಸಿ ಕೂತಿದ್ದಳು.

"ಮೈ ಕೆಂಡ ಆಗೇತ್ರಿ. ಜ್ವರ ಬಂದಾವ, ಬೆವರು ಬಿಡಲಿ ಅಂತ ಹೊಚ್ಚೇನಿ" ಎಂದಳು.

ನನಗೂ ಸರಿಯೆನಿಸಿತು. ನೀರಿನ ಬಾಟಲಿ ಅವನ ಬಾಯಿಗೆ ಹಿಡಿಯಹೋದೆ. ಬಸ್ಸಿನಲ್ಲಿದ್ದ ಆಶಾ ಕಾರ್ಯಕರ್ತೆ ನನ್ನ ಕೈ ತಡೆದಳು.

"ಎಚ್ಚರ ಇಲ್ಲದವ್ರಿಗೆ ಕುಡಿಸಬ್ಯಾಡ್ರಿ, ನೆತ್ತಿಗೆ ಹತ್ತತೈತಿ." ಆಮೇಲೆ ಹೆಂಡತಿಯನ್ನು ಕೇಳಿದಳು, "ಯಕ್ಕಾ, ನಿನ್ನ ಗುರ್ತು ಹಿಡಿತಾರೇನ?"

"ಇಲ್ಲವಾ. ಆಗಳೆ ಕುರಿ ಕರದಂಗ ನನ್ನ ಕರದ್ರು."

"ಇದು ಜ್ವರ ಅಲ್ಲ, ಬಿಸಿಲು ಬಡದೈತಿ. ಕಂಬಳಿ ತಗಿ."

"ಜಡ್ಡಾದವ್ರ ಮ್ಯಾಲಿನ ಕಂಬಳಿ ತಗೀತಾರೇನವಾ?" ಹೆಂಡತಿ ಅಂಚನ್ನು ಬಿಗಿಯಾಗಿ ಹಿಡಿದಳು.

ಕಾರ್ಯಕರ್ತೆ ಕಂಡಕ್ಟರನಿಗೆ ಆಂಬುಲೆನ್ಸ್ ಕರೆಯಲು ಹೇಳಿ, ಕಂಬಳಿ ಎಳೆದು, ಅವನ ಅಂಗಿ ಬಿಚ್ಚಿದಳು. ಬಸ್ಸಿನವರ ಬಾಟಲಿಗಳೆಲ್ಲ ಅವನ ಕುತ್ತಿಗೆ, ಕಂಕುಳು, ಎದೆಯ ಮೇಲೆ ಖಾಲಿಯಾದವು. ನಾವು ಟವೆಲ್ ಬೀಸಿದೆವು. ಹೆಂಡತಿ ಅದೇ ಕಂಬಳಿಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತಾನು ಹಿಡಿದು ಗಾಳಿ ಹಾಕತೊಡಗಿದಳು.

ಆಂಬುಲೆನ್ಸ್ ಬರುವ ಹೊತ್ತಿಗೆ ಅವನು ಕಣ್ಣು ಬಿಟ್ಟು ಅವಳನ್ನೇ ನೋಡಿದ. "ಕುರಿ ನೆರಳಾಗ ಅದಾವೇನ?" ಎಂದ.

ತಿರುಗಿ ನೋಡಿದೆ. ಬಯಲಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗಿನ ನೆರಳಿಗೆ ಇನ್ನೊಂದು ತಲೆಯಿಟ್ಟು ನಿಂತಿದ್ದವು. ಬೆಳಗಿನಿಂದ ಆ ಬಿಸಿಲಲ್ಲಿ ತಲೆಯೆತ್ತಿ ನಿಂತಿದ್ದವನು ಅವನೊಬ್ಬನೇ.