ಐದು ಬೆರಳಿನ ಕೆಲಸ

ದಾಂಡೇಲಿಯ ನಮ್ಮ ಆಫೀಸಿನಲ್ಲಿ ನಾನು ಪ್ರಾಡಕ್ಟ್ ಓನರ್. ಹೆಸರು ಕೇಳಿ ಹೌಹಾರಬೇಡಿ; ಮಾಲೀಕಳಲ್ಲ, ಸಂಬಳದವಳು. ಜೋಯಿಡಾ ಸುತ್ತಿನ ಹೋಮ್‌ಸ್ಟೇಗಳಲ್ಲಿ ಕೋಣೆ ಬುಕ್ ಮಾಡುವ ಆ್ಯಪ್ ನಮ್ಮದು. ಅದರಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಸಾಲು ಹಚ್ಚುವವಳು ನಾನು. ಆ ಸಾಲಿನಿಂದ ಈ ಸಲ ಎಷ್ಟು ಎತ್ತಿಕೊಳ್ಳಬಹುದು ಎಂದು ಹೇಳುವವರು ಕೋಡ್ ಬರೆಯುವ ನಾಲ್ವರು. ಎರಡು ವಾರಕ್ಕೊಮ್ಮೆ, ಸೋಮವಾರ, ಈ ಪಂಚಾಯಿತಿ.

ನಾನು ಕೆಲಸವನ್ನು ಓದಿ ಹೇಳುತ್ತೇನೆ. ನಾಲ್ವರೂ ಮುಷ್ಟಿ ಹಿಡಿದು, ಮೂರು ಎಣಿಸುತ್ತಲೇ ಒಟ್ಟಿಗೆ ಬೆರಳು ಬಿಚ್ಚಬೇಕು. ಒಂದು ಬೆರಳೆಂದರೆ ಹಗುರ ಕೆಲಸ. ಐದೆಂದರೆ ಈ ಸಲ ಆಗದ್ದು, ಒಡೆದು ಚಿಕ್ಕದು ಮಾಡಿ ತಾ ಎಂದರ್ಥ. ಒಬ್ಬರ ಕೈ ನೋಡಿ ಇನ್ನೊಬ್ಬರು ಬದಲಿಸಬಾರದೆಂದೇ ಒಟ್ಟಿಗೆ ಬಿಚ್ಚುವುದು. ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಸಾಹೇಬರೇ. "ಸಾಲು ನಿಂದವಾ. ನಾ ಸೈತ ಮುಟ್ಟಂಗಿಲ್ಲ," ಎಂದಿದ್ದರು. ಮಿಲ್ಲಿನ ಮೆಕ್ಯಾನಿಕ್ಕನ ಮಗಳು ನಾನು, ಆ ಮಾತಿಗೆ ಪೂರಿಯಂತೆ ಉಬ್ಬಿಬಿಟ್ಟಿದ್ದೆ.

ಕುಂಬಾರವಾಡದ ಹತ್ತಿರ ಒಬ್ಬರು ಎರಡು ಕೋಣೆಯ ಹೋಮ್‌ಸ್ಟೇ ನಡೆಸುತ್ತಿದ್ದರು; ಅತ್ತಿಗೆಯೆಂಬ ಸಲಿಗೆಯಲ್ಲಿ ನಾನು ಅವರನ್ನು ವೈನಿ ಎನ್ನುತ್ತಿದ್ದೆ. ತವರು ಹಳಿಯಾಳ, ಮಾತು ನಮ್ಮದೇ. ಅವರ ಮನೆಯಲ್ಲಿ ಇಂಟರ್ನೆಟ್ ಇಲ್ಲ; ಅಂಗಳದ ಮೂಲೆಗೆ ಹೋಗಿ ನಿಂತರೆ ಫೋನ್ ಕರೆ ಮಾತ್ರ ಹತ್ತುತ್ತದೆ. ದಾರಿಯಲ್ಲಿ ಬಂದವರಿಗೆ ಕೋಣೆ ಕೊಟ್ಟರೆ ಅದು ನಮ್ಮ ಆ್ಯಪಿಗೆ ತಿಳಿಯುವುದಿಲ್ಲ; ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಎತ್ತಲು ಆಫೀಸಿನಲ್ಲೂ ಯಾರೂ ಇರುವುದಿಲ್ಲ. ಒಂದು ಸಂಜೆ ಒಂದೇ ಕೋಣೆಗೆ ಎರಡು ಕುಟುಂಬ ಬಂದಿಳಿದವು. ಜಾಗ ಸಿಗದವರು ಅಂಗಳದಲ್ಲೇ ವೈನಿಯ ಮರ್ಯಾದೆ ತೆಗೆದರು, ಆ್ಯಪಿನಲ್ಲೂ ಕೆಟ್ಟದಾಗಿ ಬರೆದು ಹಾಕಿದರು. ಇನ್ನೊಮ್ಮೆ ಹಾಗಾದರೆ ಅವರ ಮನೆ ಆ್ಯಪಿನಿಂದ ಇಳಿದುಹೋಗುತ್ತಿತ್ತು. ಅದು ನಮ್ಮ ನಿಯಮ.

"ವೈನಿ, ಒಂದ್ ಮಿಸ್ಡ್ ಕಾಲ್ ಕೊಟ್ರ ಸಾಕು, ಆ್ಯಪಿನ್ಯಾಗ ಕೋಣಿ ಬಂದ್ ಆಗೂಹಂಗ ಮಾಡಿಸ್ತೇನಿ," ಎಂದೆ.

"ನೀ ಹೇಳಿದಿ ಅಂದ್ರ ಆತು ಬಿಡವಾ," ಎಂದರು. ಗೋವಾ ಕಡೆಯ ಇನ್ನೊಂದು ಕಂಪನಿಯವರು ಕರೆದಾಗಲೂ ನನ್ನ ಮಾತಿನ ಮೇಲೆ ಬೇಡವೆಂದು ಕಳಿಸಿದರಂತೆ.

ಮಿಸ್ಡ್ ಕಾಲಿನ ಕೆಲಸವನ್ನು ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಹಚ್ಚಿದೆ. ಸೋಮವಾರ ನಾಲ್ಕು ಮುಷ್ಟಿ ಬಿಚ್ಚಿದವು: ಎಲ್ಲವೂ ಐದು. ಸಾಂಬ್ರಾಣಿ ಎಂಬ ಊರಿನಿಂದ ಬರುವ ನಮ್ಮ ಹಿರಿಯ ಕೋಡರ್, ದಿನಾ ಮಧ್ಯಾಹ್ನ ನನ್ನ ಡಬ್ಬಿಗೆ ಕೈಹಾಕುವ ಗೆಳೆಯ, ಅವನದೂ ಐದು. ಕೆಲಸವನ್ನು ಒಡೆದು ತಂದೆ. ಮತ್ತೆ ಐದು. ಇನ್ನಷ್ಟು ಕತ್ತರಿಸಿ, ಬರೀ ಒಂದು ಮನೆಗೆ ಮಾಡಿಕೊಟ್ಟರೂ ಸಾಕು ಎಂದೆ. ಆಗಲೂ ಐದೇ. ಚಹಾಕ್ಕೆ ಸಕ್ಕರೆ ಎಷ್ಟೆಂಬುದರಲ್ಲೂ ಒಮ್ಮತವಿಲ್ಲದ ಜನ ಇದೊಂದಕ್ಕೆ ಹೀಗೆ ಒಂದಾದದ್ದು ಯಾಕೆಂದು ನನಗೆ ಹೊಳೆಯಲಿಲ್ಲ. ನಂಬಿದ್ದೆನಲ್ಲ! ಪ್ರತಿ ಸಲವೂ ವೈನಿಗೆ ಫೋನ್ ಮಾಡಿ, "ಮುಂದಿನ ಸಲ ಖರೇನ ಆಗ್ತೈತ್ರಿ," ಎನ್ನುತ್ತಿದ್ದೆ.

ದೀಪಾವಳಿ ರಜೆಯಲ್ಲಿ ಮತ್ತೆ ಒಂದೇ ಕೋಣೆಗೆ ಎರಡು ಕುಟುಂಬ ಬಂದವು. ವೈನಿಯ ಮನೆ ಆ್ಯಪಿನಿಂದ ಇಳಿಯಿತು.

ಅದೇ ವಾರ ಸಾಹೇಬರು ನನ್ನನ್ನೂ ಹಿರಿಯ ಕೋಡರನ್ನೂ ಅಂಬಿಕಾನಗರದ ದಾರಿಯಲ್ಲಿರುವ ದೊಡ್ಡ ರೆಸಾರ್ಟೊಂದಕ್ಕೆ ಡೆಮೊ ಎಂದು ಕರೆದೊಯ್ದರು. ವೈನಿಯ ಮನೆ ಇಳಿದ ಮೇಲೆ ಇನ್ನು ನನ್ನಿಂದ ಮುಚ್ಚಿಡುವ ಅಗತ್ಯವಿಲ್ಲ ಎಂದುಕೊಂಡಿದ್ದರೇನೋ. ಗೆಳೆಯ ಲ್ಯಾಪ್‌ಟಾಪ್ ತೆರೆದ. ರೆಸಾರ್ಟಿನ ಮ್ಯಾನೇಜರ್ ಸಾದಾ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟ. ಪರದೆಯ ಮೇಲೆ ಕೋಣೆ ಬಂದ್ ಆಯಿತು. ನನ್ನ ಮೈಯೆಲ್ಲ ಉರಿದುಹೋಯಿತು.

ಹೊರಗೆ ಬಂದು ಕೇಳಿದೆ. ಸಾಹೇಬರ ಮುಖದಲ್ಲಿ ಅಳುಕೇ ಇಲ್ಲ. "ಈ ರೆಸಾರ್ಟಿನವ್ರು ಇದು ತಮಗಷ್ಟ ಬೇಕು, ಹೋಮ್‌ಸ್ಟೇದವ್ರಿಗೆ ಕೊಡಬ್ಯಾಡ್ರಿ ಅಂದಿದ್ರು. ನಿಂಗ ಹೇಳಿದ್ರ ನೀ ಒಪ್ಪತಿದ್ದೇನು? ಅದಕ್ಕ ಕೋಡ್ ಬರಿಯೂ ನಾಕೂ ಮಂದಿಗೆ ಐದ ಎತ್ರಿ ಅಂದೆ."

ಗೆಳೆಯ ಚಪ್ಪಲಿ ನೋಡುತ್ತ ನಿಂತಿದ್ದ. "ಖರೇ ಎಷ್ಟ್ ಬೆರಳಿನ ಕೆಲಸ ಇತ್ತು?" ಎಂದೆ.

"ಎರಡು, ಅಕ್ಕಾ."

ಸಾಹೇಬರು ಸಾಲು ಮುಟ್ಟಲಿಲ್ಲ, ನಿಜ. ಸಾಲನ್ನು ನನ್ನ ಕೈಯಲ್ಲೇ ಬಿಟ್ಟು, ನನ್ನ ಬಾಯಿಂದಲೇ ಸುಳ್ಳು ಹೇಳಿಸಿದರು. ಮುಖಕ್ಕೆ ಹೊಡೆದಂತೆ 'ಆಗುವುದಿಲ್ಲ' ಎಂದಿದ್ದರೆ ಎಷ್ಟೋ ವಾಸಿ, ಜಗಳಾಡಿಯಾದರೂ ಸುಮ್ಮನಾಗುತ್ತಿದ್ದೆ. ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮರುದಿನ ಕುಂಬಾರವಾಡದ ಬಸ್ಸು ಹಿಡಿದೆ. ವೈನಿ ಅತಿಥಿಗಳ ಹಾಸಿಗೆಗಳನ್ನು ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ, ಬೆರಳುಗಳ ಸಮೇತ.

"ನಿಂಗ ಯಾವಾಗ ತಿಳೀತು?" ಎಂದರು.

"ನಿನ್ನೆ ರೀ, ವೈನಿ."

ನನ್ನ ಮುಖವನ್ನೇ ನೋಡಿದರು. ನಂಬಲಿಲ್ಲ. ಯಾವ ಕೆಲಸ ಮೊದಲು ಎಂದು ಹೇಳುವವಳಿಗೇ ಆ ಕೆಲಸ ಆದದ್ದು ಗೊತ್ತಿರಲಿಲ್ಲ ಎಂದರೆ ಯಾರು ತಾನೇ ನಂಬುತ್ತಾರೆ?

"ಬಸ್ಸಿಗೆ ಇನ್ನಾ ಹೊತ್ತೈತಿ, ಉಂಡು ಹೋಗವಾ," ಎಂದು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. "ಆದ್ರ ಇನ್ನಮ್ಯಾಲೆ ನಂಗ ಏನೂ ಹೇಳಬ್ಯಾಡ."