ಗಟ್ಟಿ ಮಾಡಿಸಿದ ಗೇಟು

ಕಳೆದ ಶನಿವಾರ ಸುಂಟಿಕೊಪ್ಪದಲ್ಲಿ ಬಸ್ಸಿಳಿದಾಗ ನಮ್ಮ ಅಂಗಡಿಯ ಕೊಲಾಪ್ಸಿಬಲ್ ಗೇಟು ಒಂದೂವರೆ ಅಡಿ ಮಾತ್ರ ತೆರೆದಿತ್ತು. ಅಪ್ಪ ಒಳಗೆ ನಿಂತು, ಆ ಸಂದಿಯಿಂದಲೇ ಹೊರಗಿದ್ದವರಿಗೆ ಟಾರ್ಪಾಲು ದಾಟಿಸುತ್ತಿದ್ದರು.

ಕಾಫಿ ಪಿಕ್ಕಿಂಗ್ ಶುರುವಾದ ವಾರ. ಟಾರ್ಪಾಲು, ಗೋಣಿಚೀಲ, ಗಂಬೂಟು ಎಂದು ಎಸ್ಟೇಟ್‌ಗಳಿಂದ ಜನ ಬರುವ ಹೊತ್ತು. ಅಂಥ ಹೊತ್ತಿನಲ್ಲಿ ಯಾರಾದರೂ ಅಂಗಡಿಯನ್ನು ಹೀಗೆ ಅರ್ಧಂಬರ್ಧ ತೆರೆದಿಡುತ್ತಾರೆಯೇ?

ಭುಜದ ಆಪರೇಷನ್ ಆಗಿ ಮೂರು ತಿಂಗಳು ಮನೆಯಲ್ಲಿದ್ದ ಅಪ್ಪ ಆ ಸೋಮವಾರವಷ್ಟೇ ಅಂಗಡಿಗೆ ಮರಳಿದ್ದರು. ಅಲ್ಲಿಯವರೆಗೆ ನೋಡಿಕೊಂಡವರು ಚಿಕ್ಕಪ್ಪ. ಅವರೂ ಗೇಟಿನ ಹೊರಗೆ ನಿಂತಿದ್ದರು. ಅಂಗಡಿಯ ಕೀಲಿಕೈ ಆಗಲೇ ಅವರ ಕೈ ಸೇರಿತ್ತು.

"ಆಗದಿದ್ರೆ ಯಾಕಣ್ಣ ಹಠ? ಸೋಮವಾರದಿಂದ ನಾನೇ ಬಂದು ಕೂರ್ತೀನಿ ಬಿಡು," ಎಂದರು ಚಿಕ್ಕಪ್ಪ.

"ಹ್ಞೂಂ. ಮೂರು ದಿನದಿಂದ ಎಳೀತಿದೀನಿ. ತೋಳಲ್ಲಿ ಶಕ್ತಿನೇ ಇಲ್ಲ," ಎಂದರು ಅಪ್ಪ.

ಇಪ್ಪತ್ತು ವರ್ಷ ನಡೆಸಿದ ಅಂಗಡಿಯನ್ನು ಅವರು ಇಷ್ಟೇ ಮಾತಿನಲ್ಲಿ ಬಿಟ್ಟುಕೊಡುತ್ತಿದ್ದರು.

ನಾನು ಬ್ಯಾಗ್ ಇಳಿಸಿ ಗೇಟನ್ನು ಎಳೆದೆ. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದೆ. (ನನ್ನ ಭುಜಕ್ಕೆ ಯಾವ ಆಪರೇಷನ್ನೂ ಆಗಿಲ್ಲ.)

"ಚಿಕ್ಕಪ್ಪ, ನೀವೊಂದ್ಸಲ ಎಳೀರಿ."

ಅವರು ಕಾಲು ಊರಿ ಎಳೆದರು. "ಇದೇನೇ, ಗೋಡೆ ಇದ್ದಂಗೈತೆ?"

ಬಗ್ಗಿ ನೋಡಿದೆ. ಓರೆಪಟ್ಟಿಗಳು ಒಂದನ್ನೊಂದು ದಾಟುವ ಕಡೆ, ಅವು ತಿರುಗಲೆಂದು ಹಾಕುವ ರಿವೆಟ್ ಇರಬೇಕಾದ ಜಾಗದಲ್ಲಿ, ಹೊಸ ವೆಲ್ಡಿಂಗ್. ನಾಲ್ಕು ಕಡೆ. ಉಳಿದ ಪಟ್ಟಿಗಳು ಮಡಚಿಕೊಂಡಷ್ಟೇ ಆ ಒಂದೂವರೆ ಅಡಿ.

ಆ ಮಂಗಳವಾರ ಅಪ್ಪ ಫೋನ್ ಮಾಡಿದ್ದರು. "ಬಸ್ ಹೋದಾಗೆಲ್ಲ ಗೇಟು ಗಡಗಡ ಅಂತದೆ ಪುಟ್ಟಿ. ರಿವೆಟ್ ಸವೆದಿದೆ. ಪಕ್ಕದ ಮನೆಗೆ ಕಿಟಕಿ ಗ್ರಿಲ್ ಹಾಕಕ್ಕೆ ಒಬ್ಬ ಬಂದಿದಾನೆ, ವೆಲ್ಡಿಂಗ್ ಮಾಡಿಸ್ಲಾ? ನಿನ್ ಓದೂ ಇಂಥದ್ದೇ ಅಲ್ವಾ?" ನಾನು ಮೈಸೂರಿನ ಲ್ಯಾಬಿನಲ್ಲಿ ಯಂತ್ರದ ಮುಂದಿದ್ದೆ. ಪರದೆಯಿಂದ ಕಣ್ಣು ತೆಗೆಯದೆ, "ಮಾಡಿಸಪ್ಪ, ಗಟ್ಟಿಯಾಗುತ್ತೆ" ಎಂದೆ.

ನಾನು ಏನು ಓದುತ್ತೇನೆ ಎಂದು ಈಗ ಹೇಳಲೇಬೇಕು. (ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತೇನೆ.) ನೋಡಲು ಪುಡಿಯುಪ್ಪಿನಂಥ ಹರಳುಗಳು. ಒಳಗೆ ಲೋಹದ ಪರಮಾಣುಗಳ ಗಂಟುಗಳು, ಗಂಟುಗಳ ನಡುವೆ ಇಂಗಾಲದ ಅಣುಗಳ ಕಡ್ಡಿಗಳು, ಉಳಿದದ್ದೆಲ್ಲ ಒಂದೇ ಅಳತೆಯ ಖಾಲಿ ಕೋಣೆಗಳು. ಆ ಕೋಣೆಗಳಲ್ಲಿ ಅನಿಲವನ್ನೋ ನೀರಾವಿಯನ್ನೋ ಹಿಡಿದಿಡಬಹುದು. ನನ್ನ ಕೆಲಸ ಈ ಹರಳುಗಳನ್ನು ಒತ್ತಿ ನೋಡುವುದು. ಎಷ್ಟು ಒತ್ತಿದರೆ ಮಣಿಯುತ್ತವೆ? ಎಷ್ಟಕ್ಕೆ ಕೋಣೆಗಳು ಕುಸಿದು, ಮತ್ತೆ ಏಳದಂತೆ ಮುಚ್ಚಿಹೋಗುತ್ತವೆ?

ಇವುಗಳಲ್ಲಿ ಕೆಲವು ವಿಚಿತ್ರ. ಎಲ್ಲ ಕಡೆಯಿಂದ ಒಂದೇ ಸಮ ಒತ್ತಿದರೂ ಒಂದು ದಿಕ್ಕಿನಲ್ಲಿ ಕುಗ್ಗಿ, ಇನ್ನೊಂದು ದಿಕ್ಕಿನಲ್ಲಿ ಉದ್ದವಾಗುತ್ತವೆ. ಗೇಟಿನ ಓರೆಪಟ್ಟಿಗಳನ್ನು ಪಕ್ಕಕ್ಕೆ ತಳ್ಳಿದಾಗ ಅವು ಎತ್ತರಕ್ಕೆ ಏಳುವುದಿಲ್ಲವೇ, ಹಾಗೆ. ಕಡ್ಡಿಗಳು ಹೆಚ್ಚೇನೂ ಬಾಗುವುದಿಲ್ಲ. ಅವು ಗಂಟುಗಳ ಸುತ್ತ ತಿರುಗುತ್ತವೆ. ತಿರುಗುವ ಗಂಟೇ ಅವುಗಳ ಗುಟ್ಟು. ಸೆಮಿನಾರ್‌ಗಳಲ್ಲಿ ಇದನ್ನು ವಿವರಿಸಲು ನಾನು ತೋರಿಸುವ ಮೊದಲ ಚಿತ್ರ ಯಾವುದು ಗೊತ್ತೇ? ಕೊಲಾಪ್ಸಿಬಲ್ ಗೇಟು. ನಮ್ಮ ಅಂಗಡಿಯದ್ದೇ ಫೋಟೊ.

"ಅಪ್ಪ, ನಿನ್ ಕೈ ಸರಿಯಾಗೇ ಇದೆ. ತಪ್ಪು ಹೇಳಿದ್ದು ನಾನು."

ಅಪ್ಪ ನಂಬಲಿಲ್ಲ. "ಮೊದಮೊದಲು ಟೈಟ್ ಇರುತ್ತೆ, ಜೋರಾಗಿ ಎಳೀರಿ ಅಂದಿದ್ದ ಆ ವೆಲ್ಡಿಂಗ್‌ನವನು. ನೀನೂ ಮಾಡಿಸು ಅಂದಿದ್ದೆ. ಗೇಟಲ್ಲಿ ತಪ್ಪಿರುತ್ತೆ ಅಂತ ನಾನ್ ಹೆಂಗ್ ಅನ್ಕೊಳ್ಲಿ?"



ಗೇಟನ್ನು ಮೊದಲು ಮಾಡಿಕೊಟ್ಟಿದ್ದ ಯೂಸುಫ್ ಕಾಕನನ್ನು ಕರೆಸಿದೆವು. ಅವರು ಗೇಟನ್ನು ನೋಡಿದರು, ನಮ್ಮ ಮೂವರನ್ನೂ ನೋಡಿದರು.

"ಯಾರು ಹೇಳಿದ್ದು ಇದನ್ನು ವೆಲ್ಡ್ ಮಾಡ್ಲಿಕ್ಕೆ?"

"ನಾನೇ ಕಾಕಾ."

"ನೀನು ಎಂಥ ಓದ್ತಾ ಇರೋದು?"

"ಇದನ್ನೇ."

ಚಿಕ್ಕಪ್ಪ ಕೆಮ್ಮಿದರು. ಕಾಕಾ ಗ್ರೈಂಡರ್ ಹಚ್ಚಿದರು. ವೆಲ್ಡಿಂಗ್ ತೇಯ್ದು ಬಿಡಿಸಿ, ಹೊಸ ರಿವೆಟ್ ಹಾಕಿ, ಸುತ್ತಿಗೆಯಿಂದ ಬಡಿದರು. ಇನ್ನೆರಡು ಏಟು ಬೇಕೇನೋ ಎನ್ನುವಾಗಲೇ ನಿಲ್ಲಿಸಿದರು.

"ಇಷ್ಟು ಲೂಸ್ ಇರ್ಬೇಕು ಮೋಳೇ," ಎಂದರು. (ಅವರ ಮಾತಿನಲ್ಲಿ ಮಗಳೇ ಎಂದು.) "ಅಲುಗಾಡ್ದಿದ್ರೆ ಮಡಚೋದು ಹೇಗೆ?"

ಇದೇ ಮಾತನ್ನು ನಾನು ಥೀಸಿಸ್ಸಿನಲ್ಲಿ ಸಮೀಕರಣ ಹಾಕಿ ಒಂದಿಡೀ ಅಧ್ಯಾಯವಾಗಿ ಬರೆದಿದ್ದೇನೆ.

"ಎಳೀರಿ ಸಾರ್," ಎಂದು ಕಾಕಾ ಪಕ್ಕಕ್ಕೆ ಸರಿದರು.

ಅಪ್ಪ ತಕ್ಷಣ ಮುಟ್ಟಲಿಲ್ಲ. ಎಡಗೈ ಮುಂದೆ ಮಾಡಿ, ಹಿಂದೆ ತೆಗೆದು, ಆಪರೇಷನ್ ಆದ ಬಲಗೈಯನ್ನೇ ಗೇಟಿಗೆ ಹಾಕಿದರು. ನಿಧಾನವಾಗಿ ಎಳೆದರು. ಗೇಟು ಗಡಗಡ ಎನ್ನುತ್ತಾ ಗೋಡೆಯ ತನಕ ಹೋಯಿತು.

"ಹಂಗಾದ್ರೆ ಸೋಮವಾರ ನಂಗೆ ರಜ," ಎಂದು ಚಿಕ್ಕಪ್ಪ ಕೀಲಿಕೈಯನ್ನು ಟಾರ್ಪಾಲಿನ ರಾಶಿಯ ಮೇಲಿಟ್ಟರು. ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡು, ಗೇಟನ್ನು ಸುಮ್ಮನೆ ಇನ್ನೊಮ್ಮೆ ಮುಚ್ಚಿ ತೆಗೆದರು.

ಮೂರು ದಿನ ಅವರು ಯಾರಿಗೂ ಹೇಳದೆ ತಮ್ಮ ತೋಳನ್ನೇ ದೂರಿಕೊಂಡಿದ್ದರು. ನಿಮ್ಮ ಮನೆಯಲ್ಲೂ ಯಾರಾದರೂ ಇನ್ನು ನನ್ನ ಕೈಲಾಗದು ಎಂದರೆ, ಹೌದೆನ್ನುವ ಮೊದಲು ಗೇಟನ್ನು ನೀವೊಮ್ಮೆ ಎಳೆದು ನೋಡುತ್ತೀರಾ?