ಲಿಂಗಕ್ಕೆ ತೋರಿದ ದ್ರಾಕ್ಷಾರಸ

ಅನ್ನವಿತ್ತ ನೆಲಕ್ಕೆ, ಅಕ್ಷರವಿತ್ತ ಗುರುವಿಗೆ, ಅಂಗೈಯಲ್ಲಿ ನೆಲೆಸಿ ಇಷ್ಟು ವರ್ಷ ನನ್ನನ್ನು ಕಾಯ್ದ ಲಿಂಗಯ್ಯನಿಗೆ ಶರಣು ಮಾಡಿ ಈ ನೆನಪನ್ನು ತೆರೆಯುತ್ತೇನೆ.

ನಿಜಾಮರ ಆಳ್ವಿಕೆ ಮುಗಿದು, ಸುರಪುರದ ಕಚೇರಿಯ ಮೇಲೆ ಹೊಸ ಬಾವುಟ ಏರಿದ್ದ ಕಾಲ. ಹೆರಿಗೆಗೆಂದು ಕಕ್ಕೇರಾದಿಂದ ತವರಿಗೆ ಬಂದಿದ್ದ ನನ್ನ ಅಕ್ಕ ಹೆಣ್ಣುಕೂಸನ್ನು ಹಡೆದು, ರಕ್ತ ಹರಿದುಹೋಗಿ, ಹಾಸಿಗೆಯಿಂದ ಏಳಲಿಲ್ಲ. ಅನ್ನವೂ ಸೇರದಾಯಿತು. ದವಾಖಾನೆಯ ಕಪಾಟು ಬರಿದಾಗಿತ್ತು; ಹೈದರಾಬಾದಿನಿಂದ ಬರಬೇಕಾದ ಔಷಧ ಬಂದಿರಲಿಲ್ಲ. ಅಲ್ಲಿನ ಡಾಕ್ಟರರು ಗೋವೆಯ ಕ್ರೈಸ್ತರು. ಒಂದು ಸಂಜೆ ತಮ್ಮ ಮನೆಯಿಂದಲೇ ಕಪ್ಪು ಶೀಶೆಯೊಂದನ್ನು ತಂದರು. ಪೋರ್ಚುಗೀಸರ ಪೋರ್ಟ್ ವೈನ್. ದ್ರಾಕ್ಷಿಯ ರಸ ಹುಳಿಯುತ್ತಿರುವಾಗಲೇ ಬ್ರಾಂದಿ ಬೆರೆಸಿ ಹುಳಿಯುವುದನ್ನು ತಡೆಯುತ್ತಾರಂತೆ. ಹಣ್ಣಿನ ಸಿಹಿ ಹಾಗೆಯೇ ಉಳಿಯುತ್ತದಂತೆ.

"ಇದ್ರಿಂದ ಹೋದ ರಕ್ತ ತಿರುಗಿ ಬರಂಗಿಲ್ರಿ ಅವ್ವಾರ," ಎಂದು ಅವರು ನನ್ನ ಅವ್ವನಿಗೆ ನೇರವಾಗಿಯೇ ಹೇಳಿದರು. "ನಾಲಿಗಿಗೆ ರುಚಿ ಹತ್ತಿದ್ರ ಎರಡು ತುತ್ತು ಉಂಡಾಳು. ಕಷಾಯದಂಗ ಮೂಗು ಹಿಡದು ನುಂಗಿಸಬ್ಯಾಡ್ರಿ. ಸಣ್ಣ ಲೋಟದಾಗ ಒಂದೀಟು ಹಾಕಿ, ಗುಟುಕು ಗುಟುಕು ಬಾಯಾಗ ಇಟ್ಗೊಂಡು ಕುಡೀಬೇಕು. ನಾವು ಹಬ್ಬದ ಊಟ ಆದಮ್ಯಾಲ ಹಂಗ ಕುಡಿತೀವಿ."

"ಹೆಂಡ ಕುಡಿಯಾಕೂ ಶಾಸ್ತ್ರ ಐತೇನ್ರಿ?" ಎಂದಳು ಅವ್ವ.

"ಇದಕ್ಕ ಐತ್ರಿ."

ಲೋಟವನ್ನು ತುಟಿಗೆ ಹಿಡಿದರೂ ಅಕ್ಕ ಕುಡಿಯಲಿಲ್ಲ. ಲಿಂಗಕ್ಕೆ ಅರ್ಪಿಸದೆ ಹನಿ ನೀರನ್ನೂ ಮುಟ್ಟಿದವಳಲ್ಲ. "ಲಿಂಗಕ್ಕ ತೋರ್ಸಾಕ ಬರಲಾರದ್ದು ನನಗ್ಯಾಕವ್ವ?" ಎಂದು ಗೋಡೆಯ ಕಡೆ ಹೊರಳಿದಳು.

ಮರುದಿನ ಗಂಜಿಯೂ ಇಳಿಯಲಿಲ್ಲ. ಅವ್ವ ನನ್ನತ್ತ ತಿರುಗಿದಳು. "ನೀ ಮಠದಾಗ ಓದಿದಾಂವ. ಶಾಸ್ತ್ರದಾಗ ಏನೈತಿ ಹೇಳೋ."

ಆಪತ್ಕಾಲದ ಧರ್ಮವನ್ನು ಕುರಿತ ಶ್ಲೋಕವೊಂದನ್ನು ಆರಂಭಿಸಿದೆ. ಅರ್ಧಕ್ಕೇ ತಡೆದಳು.

"ಸಾಕು ಬಿಡಪ. ನಿನ್ನ ಶ್ಲೋಕ ಮುಗಿಯೂದ್ರಾಗ ಇಕಿ ಹೋಗ್ತಾಳ. ಲೋಟ ತಾ."

ಅಕ್ಕನ ಎಡಗೈ ಬಿಡಿಸಿ, ಅಂಗೈಯಲ್ಲಿ ಅವಳ ಲಿಂಗವನ್ನಿಟ್ಟು, ಅವ್ವ ವೈನ್ ಸುರಿದ ಲೋಟವನ್ನು ಅದರ ಮುಂದೆ ಹಿಡಿದಳು. "ಲಿಂಗಯ್ಯ, ಪಾಪ ಇದ್ರ ನನಗ ಇರ್ಲಿ. ಇಕಿಗೆ ಪ್ರಸಾದ ಆಗ್ಲಿ."

ಅಕ್ಕ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಒಂದು ಗುಟುಕು ತೆಗೆದುಕೊಂಡು ಬಾಯಲ್ಲಿರಿಸಿಕೊಂಡಳು. "ಉತ್ತತ್ತಿ ನೆನಸಿದ ನೀರಿನಂಗ ಐತಿ," ಎಂದಳು. ಎರಡು ತುತ್ತು ಅನ್ನವನ್ನೂ ಉಂಡಳು.

ಕೆಲವು ದಿನ ಹೀಗೆ ನಡೆಯಿತು. ಒಂದು ಮಧ್ಯಾಹ್ನ, ಲಿಂಗಕ್ಕೆ ತೋರಿದ ಲೋಟದಲ್ಲಿ ಅರ್ಧ ಉಳಿದಿರುವಾಗಲೇ, ಅಕ್ಕ ಲಿಂಗೈಕ್ಯಳಾದಳು.

ಮಣ್ಣು ಮಾಡಿ ಮನೆಗೆ ಬಂದಾಗ ಲೋಟ ಹಾಸಿಗೆಯ ಪಕ್ಕದಲ್ಲೇ ಇತ್ತು. "ಚೆಲ್ಲಿ ಬರ್ತೀನಿ ತಡೀರಿ ಯಕ್ಕಾ, ಪೀಡಾ ಹೋಗ್ಲಿ," ಎಂದು ನೆರೆಮನೆಯಾಕೆ ಅದಕ್ಕೆ ಕೈಹಾಕಿದಳು. ಅವ್ವ ಆ ಕೈಯನ್ನು ಹಿಡಿದಳು.

"ಲಿಂಗಕ್ಕ ತೋರ್ಸಿದ್ದೈತಿ. ಚೆಲ್ಲಾಕ ಬರಂಗಿಲ್ಲ."

ಪ್ರಸಾದವನ್ನು ಚೆಲ್ಲುವ ರೂಢಿ ನಮ್ಮಲ್ಲಿಲ್ಲ. ಜನ್ಮದಲ್ಲಿ ಇಂಥದ್ದರ ವಾಸನೆಯನ್ನೂ ಅರಿಯದ ಅವ್ವ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಡಾಕ್ಟರರು ಹೇಳಿಕೊಟ್ಟಂತೆ ಗುಟುಕು ಗುಟುಕಾಗಿ, ಬಾಯಲ್ಲಿರಿಸಿಕೊಂಡು, ಅದನ್ನು ಕುಡಿದು ಮುಗಿಸಿದಳು. ಲೋಟಕ್ಕೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದಳು.

ತಮ್ಮ ಹಬ್ಬದ ಪಾಲನ್ನು ನಮಗೆ ತಂದಿತ್ತ ಆ ಡಾಕ್ಟರರಿಗೆ, ಪಾಪವನ್ನು ತನ್ನ ಮೇಲೆಳೆದುಕೊಂಡ ಅವ್ವನಿಗೆ, ಚೆಲ್ಲಲು ಬಂದ ನೆರೆಯಾಕೆಗೆ, ಬಯಲಾದ ಅಕ್ಕನಿಗೆ, ತಾಯಿಯ ಮುಖವರಿಯದೆ ಬೆಳೆದ ಆ ಕೂಸಿಗೆ ಲಿಂಗಯ್ಯನು ತಂಪನ್ನೀಯಲಿ.